ಹಿತ್ತಲ ಈಜುಕೊಳಕ್ಕೆ ಬೇಲಿಯೋ, ಕವರೋ, ಅಲಾರಮ್ಮೋ? ಚಿಕ್ಕ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯವರಿಗೆ

ಹಿತ್ತಲಲ್ಲಿ ಈಜುಕೊಳ, ಮನೆಯಲ್ಲಿ ಚಿಕ್ಕ ಮಗು, ಜೊತೆಗೊಂದು ನಾಯಿಯೋ ಬೆಕ್ಕೋ ಇದ್ದರೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಬೇಲಿ ಹಾಕಿಸಬೇಕಾ, ಕವರ್ ಸಾಕಾ, ಇಲ್ಲಾ ಅಲಾರಂ ಇಟ್ಟರೆ ನಡೆಯುತ್ತಾ? ಮಾರುವವರು ಮೂರನ್ನೂ ಸುರಕ್ಷತೆಯ ಸಾಮಾನು ಎಂದೇ ತೋರಿಸುತ್ತಾರೆ. ಆದರೆ ಮೂರೂ ಮಾಡುವ ಕೆಲಸ ಬೇರೆ ಬೇರೆ. ಬೇಲಿ ಮಗುವನ್ನು ನೀರಿನ ಹತ್ತಿರಕ್ಕೇ ಬಿಡುವುದಿಲ್ಲ. ಕವರ್ ನೀರನ್ನು ಮುಚ್ಚುತ್ತದೆ. ಕೊಳದ ಅಲಾರಂ ಕೂಗುವುದು ಮಗು ನೀರಿಗೆ ಬಿದ್ದ ಮೇಲೆ.

ಹಾಗಾಗಿ ಇವನ್ನು ಹೋಲಿಸುವಾಗ ನಾನು ಮೊದಲು ನೋಡುವುದು ಅಂದವನ್ನಲ್ಲ, ಖರ್ಚನ್ನೂ ಅಲ್ಲ. ಮನೆಯವರೆಲ್ಲ ಮರೆತ ದಿನ ಇದು ಕೆಲಸ ಮಾಡುತ್ತದಾ? ನೆಂಟರು ಬಂದಿದ್ದಾರೆ, ಅಡುಗೆ ಒಲೆಯ ಮೇಲಿದೆ, ಫೋನ್ ಬಂತು, ಯಾರೋ ಹಿಂದಿನ ಬಾಗಿಲು ತೆರೆದಿಟ್ಟರು. ಅವಘಡ ಆಗುವುದು ಇಂಥ ಮಾಮೂಲಿ ಗಳಿಗೆಯಲ್ಲೇ. ಯಾರಾದರೂ ಪ್ರತಿ ಸಲ ನೆನಪಿಟ್ಟುಕೊಂಡು ಮಾಡಬೇಕಾದ ಕೆಲಸ ಒಂದಲ್ಲ ಒಂದು ದಿನ ತಪ್ಪಿಹೋಗುತ್ತದೆ. ತಾನಾಗಿಯೇ ಮುಚ್ಚಿಕೊಳ್ಳುವ ಗೇಟು ಮಾತ್ರ ಯಾರ ನೆನಪನ್ನೂ ಕಾಯುವುದಿಲ್ಲ.

ಮುಳುಗುವುದು ಸದ್ದಿಲ್ಲದೆ ಆಗುತ್ತದೆ, ಇದನ್ನು ಮನೆಯ ಎಲ್ಲರೂ ತಿಳಿದಿರಬೇಕು. ಕೈ ಬೀಸುವುದು, ಕೂಗುವುದು ಚಿಕ್ಕ ಮಕ್ಕಳ ವಿಷಯದಲ್ಲಿ ನಡೆಯುವುದೇ ಇಲ್ಲ ಅನ್ನಬೇಕು. ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರು ಎಳೆದುಕೊಳ್ಳುವುದಕ್ಕೇ ಪುರುಸೊತ್ತಿರುವುದಿಲ್ಲ, ಕೂಗುವುದೆಲ್ಲಿ? ಒಂದು ನಿಮಿಷದೊಳಗೆ ಮಗು ನೀರಿನಡಿ ಹೋಗಿರಬಹುದು. ಆಮ್ಲಜನಕ ಸಿಗದೆ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಸರಿಪಡಿಸಲಾಗದ ಪೆಟ್ಟು ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು 5 ವರ್ಷದೊಳಗಿನ ಮಕ್ಕಳು. ಇದರಲ್ಲಿ ಕೆರೆ, ಹೊಳೆ, ಬಾವಿ ಎಲ್ಲ ಸೇರಿವೆ. ಆದರೆ ಹಿತ್ತಲ ಕೊಳಕ್ಕೊಂದು ವಿಶೇಷ ಇದೆ. ಅದು ಮಗು ದಿನವೂ ಆಡುವ ಜಾಗದಿಂದ ಹತ್ತೇ ಹೆಜ್ಜೆ ದೂರದಲ್ಲಿರುತ್ತದೆ.

ನಾಲ್ಕೂ ಕಡೆ ಬೇಲಿ: ಮೊದಲು ಇದು

ನನ್ನ ಮಟ್ಟಿಗೆ ಇದರಲ್ಲಿ ಅನುಮಾನವಿಲ್ಲ. ಎಲ್ಲಕ್ಕಿಂತ ಮೊದಲು ಬೇಲಿ, ಅದೂ ಕೊಳದ ನಾಲ್ಕೂ ಕಡೆ. ಎಷ್ಟೋ ಮನೆಗಳಲ್ಲಿ ಕಾಂಪೌಂಡ್ ಗೋಡೆ ಮೂರು ಕಡೆ ಇರುತ್ತದೆ, ನಾಲ್ಕನೆಯ ಕಡೆ ಮನೆಯದೇ ಗೋಡೆ. ‘ಸುತ್ತ ಗೋಡೆ ಇದೆಯಲ್ಲ’ ಎಂದು ಅಷ್ಟಕ್ಕೇ ಬಿಟ್ಟುಬಿಡುತ್ತಾರೆ. ಆದರೆ ಆ ಗೋಡೆ ತಡೆಯುವುದು ಪಕ್ಕದ ಮನೆಯ ಮಗುವನ್ನು, ನಿಮ್ಮ ಮಗುವನ್ನಲ್ಲ. ನಿಮ್ಮ ಮಗು ಬರುವುದು ಮನೆಯೊಳಗಿಂದ, ಹಿಂದಿನ ಬಾಗಿಲಿಂದ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಪ್ರಕಾರ, ಮೂರು ಕಡೆಯ ಆವರಣಕ್ಕೆ ಹೋಲಿಸಿದರೆ ಕೊಳವನ್ನು ಮನೆಯಿಂದಲೂ ಬೇರ್ಪಡಿಸುವ ನಾಲ್ಕು ಕಡೆಯ ಬೇಲಿ ಮಗು ಮುಳುಗುವ ಅಪಾಯವನ್ನು 83% ಕಡಿಮೆ ಮಾಡುತ್ತದೆ. ಬೇರೆ ಯಾವ ಸಾಧನದ ಹಿಂದೆಯೂ ಇಷ್ಟು ಗಟ್ಟಿ ಆಧಾರ ಇಲ್ಲ.

ಅಳತೆಗಳ ವಿಷಯದಲ್ಲಿ ಆಸ್ಟ್ರೇಲಿಯದ ನಿಯಮಗಳು ತುಂಬ ಸ್ಪಷ್ಟವಾಗಿವೆ. ನೀವು ಯಾವ ದೇಶದಲ್ಲಿದ್ದರೂ ಅವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಬೇಲಿಯ ಎತ್ತರ ಕನಿಷ್ಠ 1.2 ಮೀಟರ್, ಅಂದರೆ ಸುಮಾರು 4 ಅಡಿ. ನಿಂತ ಕಂಬಿಗಳ ನಡುವೆ 10 ಸೆಂಟಿಮೀಟರಿಗಿಂತ ಜಾಸ್ತಿ ಸಂದಿ ಇರಬಾರದು. ನೆಲಕ್ಕೂ ಬೇಲಿಯ ಕೆಳತುದಿಗೂ ನಡುವೆಯೂ ಅಷ್ಟೇ. ಬೇಲಿಯ ಹೊರಮೈಯಲ್ಲಿ 90 ಸೆಂಟಿಮೀಟರ್ ಎತ್ತರದ ಒಂದು ಪಟ್ಟಿಯಲ್ಲಿ ಕಾಲಿಡಲು ಏನೂ ಸಿಗಬಾರದು. ಅಡ್ಡಪಟ್ಟಿ, ಹೂಕುಂಡ, ಕುರ್ಚಿ, ಪಂಪಿನ ಪೆಟ್ಟಿಗೆ, ಬಾಗಿದ ಕೊಂಬೆ ಯಾವುದೂ. ಅಮೆರಿಕದ ಸಲಹೆ ಇನ್ನೊಂದು ಸಣ್ಣ ವಿಷಯವನ್ನು ಸೇರಿಸುತ್ತದೆ. ಹುಲ್ಲಿನ ಮೇಲೆ ನಿಂತ ಬೇಲಿಯಾದರೆ ಕೆಳಗಿನ ಸಂದಿ ಸುಮಾರು 5 ಸೆಂಟಿಮೀಟರ್ ಸಾಕು. ಹುಲ್ಲು, ಮಣ್ಣನ್ನು ಕೆರೆದು ಸಂದಿ ದೊಡ್ಡದು ಮಾಡುವುದು ಸುಲಭ, ಅಲ್ವಾ? ಮಗು ಮಾಡದಿದ್ದರೂ ನಾಯಿ ಮಾಡುತ್ತದೆ.

ಇನ್ನು ಬೇಲಿಗಳನ್ನೇ ಒಂದಕ್ಕೊಂದು ಹೋಲಿಸೋಣ.

ನಿಂತ ಕಂಬಿಯ ಅಲ್ಯೂಮಿನಿಯಂ ಅಥವಾ ಉಕ್ಕಿನ ಬೇಲಿ ಎಲ್ಲಕ್ಕಿಂತ ನಿಶ್ಚಿಂತೆಯ ಆಯ್ಕೆ. ಆಚೆ ಏನಾಗುತ್ತಿದೆ ಎಂದು ಕಾಣುತ್ತದೆ, ಹತ್ತಲು ಆಸರೆ ಸಿಗುವುದಿಲ್ಲ, ನಾಯಿ ಕಚ್ಚಿದರೂ ಏನೂ ಆಗುವುದಿಲ್ಲ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಉಕ್ಕಿಗೆ ಆಗಾಗ ಬಣ್ಣ ಬೇಕು. ಕೊರತೆ ಎಂದರೆ ಒಂದೇ: ಚಿಕ್ಕ ಜಾತಿಯ ನಾಯಿ, ನಾಯಿಮರಿ, ಬೆಕ್ಕು 10 ಸೆಂಟಿಮೀಟರ್ ಸಂದಿಯಲ್ಲಿ ಸಲೀಸಾಗಿ ನುಸುಳುತ್ತವೆ. ಅದಕ್ಕೆ ಕೆಳಗಿನ ಭಾಗಕ್ಕೆ ಸಣ್ಣ ಕಣ್ಣಿನ ಜಾಲರಿ ಹೊಡೆಸಬಹುದು. ಜಾಲರಿಯ ಕಣ್ಣು ಮಗುವಿನ ಕಾಲ್ಬೆರಳು ಹೋಗದಷ್ಟು ಸಣ್ಣದಿರಬೇಕು. ಇಲ್ಲದಿದ್ದರೆ ಮರಿಗೆಂದು ಹಾಕಿದ್ದು ಮಗುವಿಗೆ ಏಣಿಯಾಗುತ್ತದೆ.

ಗಾಜಿನ ಬೇಲಿ ನೋಡಲು ಚೆಂದ. ಕೊಳ ಪೂರ್ತಿ ಕಾಣುತ್ತದೆ, ಕಾಲಿಡಲು ಎಲ್ಲೂ ಜಾಗವಿಲ್ಲ. ಗಾಜು ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು, ಆಗಿರಲೇಬೇಕು, ಅದರಲ್ಲಿ ರಾಜಿ ಬೇಡ. ಕೆಳಗಿನ ಲೋಹದ ಹಿಡಿಕೆಗಳನ್ನು ಕ್ಲೋರಿನ್ ನೀರು ಮೆಲ್ಲಗೆ ತಿನ್ನುತ್ತದೆ, ಅವನ್ನು ಆಗಾಗ ತೊಳೆದು ನೋಡಬೇಕು. ಓಡುವ ನಾಯಿಗೆ, ಓಡುವ ಮಗುವಿಗೆ ಗಾಜು ಕಾಣುವುದಿಲ್ಲ, ಡಿಕ್ಕಿ ಹೊಡೆಯುತ್ತವೆ. ಇಬ್ಬರ ಕಣ್ಣಿನ ಮಟ್ಟಕ್ಕೂ ಒಂದೊಂದು ಸ್ಟಿಕರ್ ಸಾಲು ಅಂಟಿಸಿದರೆ ಆ ತೊಂದರೆ ಕಡಿಮೆಯಾಗುತ್ತದೆ.

ಬಿಚ್ಚಿ ಜೋಡಿಸುವ ಬಟ್ಟೆ ಜಾಲರಿಯ ಬೇಲಿ, ಅಂದರೆ ಮೆಶ್ ಬೇಲಿ, ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಜಾಸ್ತಿ ಕಾಣುತ್ತದೆ. ನೆಲದಲ್ಲಿ ಕೊರೆದ ತೂತುಗಳಲ್ಲಿ ಕಂಬಗಳು ನಿಲ್ಲುತ್ತವೆ, ನಡುವೆ ಬಿಗಿಯಾಗಿ ಎಳೆದ ಜಾಲರಿ. ಬಿಗಿ ಸರಿಯಾಗಿದ್ದರೆ ಹತ್ತುವುದು ಮಗುವಿಗೆ ಕಷ್ಟ. ಗಟ್ಟಿ ಬೇಲಿ ಹಾಕಿಸಲು ಆಗದವರಿಗೆ, ಬಾಡಿಗೆ ಮನೆಯವರಿಗೆ ಒಳ್ಳೆಯ ದಾರಿ. ಆದರೆ ಅದರ ಗುಣವೇ ಅದರ ದೋಷವೂ ಹೌದು. ಬಿಚ್ಚಬಹುದಾದ್ದನ್ನು ಒಂದು ದಿನ ಬಿಚ್ಚುತ್ತಾರೆ, ಮತ್ತೆ ಜೋಡಿಸುವುದನ್ನು ಸಂಜೆಗೆ ಮುಂದೂಡುತ್ತಾರೆ. ಮೆಶ್ ಬೇಲಿ ಕೊಳ್ಳುವುದಾದರೆ ತಾನಾಗಿ ಮುಚ್ಚುವ ಗೇಟು ಇರುವುದನ್ನೇ ಕೊಳ್ಳಿ. ದಿನಾ ಒಂದು ಭಾಗವನ್ನು ಬಿಚ್ಚಿ ಒಳಗೆ ಹೋಗುವ ವ್ಯವಸ್ಥೆ ಬೇಡವೇ ಬೇಡ. ಅಗೆಯುವ, ಕಚ್ಚುವ ದೊಡ್ಡ ನಾಯಿ ಇದ್ದರೆ ಮೆಶ್ ಒಂದನ್ನೇ ನಂಬಬೇಡಿ.

ಮರದ ಹಲಗೆಯ ಬೇಲಿ, ಇಟ್ಟಿಗೆ ಗೋಡೆ ಗಟ್ಟಿ ನಿಜ. ಆದರೆ ಒಳಗಿನಿಂದ ಕೊಳ ಕಾಣುವುದಿಲ್ಲ. ಕಿಟಕಿಯಿಂದ ಒಮ್ಮೆ ಕಣ್ಣು ಹಾಯಿಸುವ ಅನುಕೂಲವನ್ನು ಕಳೆದುಕೊಳ್ಳುತ್ತೀರಿ. ಚೈನ್‌ಲಿಂಕ್ ತಂತಿ ಬೇಲಿಯ ಕಣ್ಣುಗಳು ಮಕ್ಕಳಿಗೆ ಮೆಟ್ಟಿಲಿದ್ದ ಹಾಗೆ. ಅದನ್ನೇ ಹಾಕುವುದಾದರೆ ಕಣ್ಣು ತೀರ ಸಣ್ಣದಿರಬೇಕು, 3 ಸೆಂಟಿಮೀಟರಿನ ಆಸುಪಾಸು. ಗಿಡಗಳ ಸಾಲು ಬೇಲಿ ಅಲ್ಲ. ಅದರಲ್ಲಿ ಮಗುವೂ ನುಸುಳುತ್ತದೆ, ನಾಯಿಯೂ ನುಸುಳುತ್ತದೆ.

ಬೇಲಿಗಿಂತ ಗೇಟಿನ ಮೇಲೆ ಹೆಚ್ಚು ಗಮನ ಕೊಡಿ. ಚೆನ್ನಾಗಿರುವ ಬೇಲಿ ಸೋಲುವುದು ಗೇಟಿನಲ್ಲೇ. ಸ್ಪ್ರಿಂಗ್ ಕೀಲು ಗೇಟನ್ನು ತಾನಾಗಿ ಮುಚ್ಚಬೇಕು, ಚಿಲಕ ತಾನಾಗಿ ಬೀಳಬೇಕು. ಗೇಟು ಕೊಳದ ಕಡೆಗಲ್ಲ, ಹೊರಕ್ಕೆ ತೆರೆದುಕೊಳ್ಳಬೇಕು. ಆಗ ಮಗುವೋ ನಾಯಿಯೋ ತಳ್ಳಿದರೆ ಅದು ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಚಿಲಕ ನೆಲದಿಂದ 1.5 ಮೀಟರ್ ಎತ್ತರದಲ್ಲಿರಲಿ. ಪರೀಕ್ಷೆ ಸುಲಭ. ಗೇಟನ್ನು ಒಂದು ಗೇಣು ಮಾತ್ರ ತೆರೆದು ಬಿಡಿ. ಪೂರ್ತಿ ತೆರೆದು ಬಿಟ್ಟಾಗ ಮುಚ್ಚುವ ಎಷ್ಟೋ ಗೇಟುಗಳು ಗೇಣು ತೆರೆದಾಗ ಚಿಲಕದ ಹತ್ತಿರ ಬಂದು ನಿಂತುಬಿಡುತ್ತವೆ. ಹಾಗಾದರೆ ಸ್ಪ್ರಿಂಗ್ ಬಿಗಿ ಮಾಡಿಸಿ. ತಿಂಗಳಿಗೊಮ್ಮೆಯಾದರೂ ಇದನ್ನು ನೋಡುತ್ತಿರಿ, ಯಾಕೆಂದರೆ ಕಂಬ ಸ್ವಲ್ಪ ವಾಲಿದರೂ ಚಿಲಕ ಕೂರುವುದಿಲ್ಲ. ಇನ್ನು, ಗೇಟಿಗೆ ಕಲ್ಲು ಅಥವಾ ಕುರ್ಚಿ ಒತ್ತಿಟ್ಟು ತೆರೆದಿಡುವ ಅಭ್ಯಾಸ ಯಾರಿಗೂ ಆಗಬಾರದು. ಪಾರ್ಟಿಯ ದಿನ ಮೊದಲು ಕೈಬಿಡುವುದು ಇದನ್ನೇ, ಜಾಸ್ತಿ ಮಕ್ಕಳು ಇರುವುದೂ ಆವತ್ತೇ.

ಕವರ್: ಒಳ್ಳೆಯದೂ ಇದೆ, ಅಪಾಯದ್ದೂ ಇದೆ

ಕವರುಗಳಲ್ಲಿ ಎರಡು ಬಗೆ. ಎರಡನ್ನೂ ಒಂದೇ ಎಂದುಕೊಂಡವರೇ ಹೆಚ್ಚು, ನನಗೆ ಅತಿ ಕಳವಳ ಆಗುವುದೂ ಇದರಿಂದಲೇ. ನೀರನ್ನು ಬೆಚ್ಚಗಿಡುವ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ, ಎಲೆ ಬೀಳದಂತೆ ಹೊದಿಸುವ ತೆಳು ಹಾಳೆ, ಇವು ಸುರಕ್ಷತೆಗೆ ಮಾಡಿದವಲ್ಲ. ಇವುಗಳ ಮೇಲೆ ಕಾಲಿಟ್ಟ ಮಗುವಾಗಲಿ ನಾಯಿಯಾಗಲಿ ಕೆಳಗೆ ಜಾರುತ್ತದೆ, ಹಾಳೆ ಮೇಲೆ ಮುಚ್ಚಿಕೊಳ್ಳುತ್ತದೆ. ತಲೆ ಎತ್ತಿ ಉಸಿರಾಡಲು ದಾರಿ ಇಲ್ಲ. ದಡದಲ್ಲಿ ನಿಂತವರಿಗೆ ಒಳಗೆ ಯಾರಿದ್ದಾರೆ ಎಂದೂ ಕಾಣುವುದಿಲ್ಲ. ಬರೀ ನೀರಿಗಿಂತ ಇಂಥ ಹಾಳೆ ಹೊದ್ದ ನೀರು ಹೆಚ್ಚು ಅಪಾಯದ್ದು. ಬೇಲಿ ಇಲ್ಲದ ಕೊಳದಲ್ಲಿ ಇದನ್ನು ಬಳಸಲೇಬಾರದು ಎಂಬುದು ನನ್ನ ಅಭಿಪ್ರಾಯ.

ಸೇಫ್ಟಿ ಕವರ್ ಬೇರೆ. ಎಎಸ್‌ಟಿಎಂ ಎಫ್1346 ಎಂಬ ಅಮೆರಿಕದ ಮಾನದಂಡ ಪಾಸಾದ ಕವರ್ ಸುಮಾರು 220 ಕಿಲೋ ಭಾರ ತಡೆಯಬೇಕು, ಅಂದರೆ ಇಬ್ಬರು ದೊಡ್ಡವರು ಮತ್ತು ಒಂದು ಮಗು ಒಟ್ಟಿಗೆ ನಿಂತಷ್ಟು. ಅಂಚಿನಲ್ಲಿ ಮಗು ನುಸುಳುವಷ್ಟು ಸಂದಿ ಇರಬಾರದು, ಮೇಲೆ ನೀರೂ ನಿಲ್ಲಬಾರದು. ನೀರು ನಿಲ್ಲುವುದು ಸಣ್ಣ ಮಾತಲ್ಲ. ಮಳೆ ಬಂದ ಮೇಲೆ ಗಟ್ಟಿ ಹಾಳೆಯ ಕವರಿನ ನಡುವೆ ನಾಲ್ಕೈದು ಸೆಂಟಿಮೀಟರ್ ನೀರು ನಿಂತರೂ ಮುಖ ಕೆಳಗಾಗಿ ಬಿದ್ದ ಎಳೆಮಗು ಅದರಲ್ಲೇ ಮುಳುಗಬಹುದು. ಅದನ್ನು ಎತ್ತಲು ಸಣ್ಣ ಪಂಪ್ ಬೇಕು. ಜಾಲರಿಯ ಸೇಫ್ಟಿ ಕವರಿನಲ್ಲಿ ನೀರು ಕೆಳಗೆ ಇಳಿದುಹೋಗುವುದರಿಂದ ಆ ತಲೆನೋವಿಲ್ಲ. ಕೊಳವನ್ನು ತಿಂಗಳುಗಟ್ಟಲೆ ಬಳಸದೆ ಮುಚ್ಚಿಡುವವರಿಗೆ ಜಾಲರಿಯದೇ ಸರಿ.

ದಿನಾ ಈಜುವ ಮನೆಗೆ ಮೋಟರ್ ಕವರ್ ಒಂದೇ ಬಳಸಲು ಆಗುವಂಥದ್ದು. ಕೈಯಿಂದ ಹತ್ತಾರು ಕೊಕ್ಕೆ ಸಿಕ್ಕಿಸುವ ಕವರನ್ನು ದಿನಕ್ಕೆ ಎರಡು ಸಲ ಯಾರು ಹಾಕುತ್ತಾರೆ? ಮೋಟರ್ ಕವರಿನ ಸ್ವಿಚ್ಚಿಗೆ ಬೀಗದ ಕೈಯೋ ಪಾಸ್‌ವರ್ಡೋ ಇರಲಿ. ಪೂರ್ತಿ ಕೊಳ ಕಾಣುವ ಜಾಗದಲ್ಲೇ ಸ್ವಿಚ್ ಇರಬೇಕು. ಒಳಗೆ ಯಾರೂ ಇಲ್ಲ, ನಾಯಿಯೂ ಇಲ್ಲ ಎಂದು ಕಣ್ಣಾರೆ ನೋಡಿಕೊಂಡು ಒತ್ತಬೇಕು. ಅರ್ಧ ತೆರೆದು ಈಜುವುದು ಬೇಡ, ತೆರೆದರೆ ಪೂರ್ತಿ ತೆರೆಯಿರಿ.

ಕೊಳದ ಮೇಲೆ ಬಿಗಿದು ಕಟ್ಟುವ ಹಗ್ಗದ ಬಲೆಯೂ ಸಿಗುತ್ತದೆ. ಚೆನ್ನಾಗಿ ಬಿಗಿದರೆ ಮಗುವನ್ನು ನೀರಿನ ಮೇಲೆಯೇ ಹಿಡಿದಿಡುತ್ತದೆ. ಆದರೆ ನಾಯಿಯ ಕಾಲು ಕಣ್ಣುಗಳಲ್ಲಿ ಸಿಕ್ಕಿಬೀಳುತ್ತದೆ, ಚಿಕ್ಕ ಮರಿ ನೇರ ಒಳಗೇ ಬೀಳುತ್ತದೆ. ನಾಯಿ ಇರುವ ಮನೆಗೆ ನಾನು ಇದನ್ನು ಹೇಳುವುದಿಲ್ಲ.

ಬೇಲಿಗೂ ಕವರಿಗೂ ನಡುವೆ ಒಂದನ್ನೇ ಆರಿಸಬೇಕೆಂದರೆ ಬೇಲಿ. ಕಾರಣ ಸರಳ. ಕವರ್ ಕಾಯುವುದು ಅದು ಮುಚ್ಚಿದ್ದಾಗ ಮಾತ್ರ. ಮುಚ್ಚುವುದು ಮನುಷ್ಯರ ಕೆಲಸ. ಫ್ರಾನ್ಸಿನಲ್ಲಿ 2003ರ ಕಾನೂನು ಖಾಸಗಿ ಮನೆಗಳ ನೆಲದೊಳಗೆ ಕಟ್ಟಿದ ಕೊಳಗಳಿಗೆ ಬೇಲಿ, ಕವರ್, ಅಲಾರಂ, ಮೇಲ್ಛಾವಣಿ ಈ ನಾಲ್ಕರಲ್ಲಿ ಯಾವುದಾದರೂ ಒಂದು ಇರಲಿ ಎನ್ನುತ್ತದೆ. ಆಸ್ಟ್ರೇಲಿಯ ಬೇಲಿಯನ್ನೇ ಕೇಳುತ್ತದೆ. ಚಿಕ್ಕ ಮಕ್ಕಳ ಮಟ್ಟಿಗೆ ನನಗೆ ಆಸ್ಟ್ರೇಲಿಯದ ದಾರಿಯೇ ಸರಿ ಎನಿಸುತ್ತದೆ.

ಅಲಾರಂ: ಜೊತೆಗಿರಲಿ, ಬದಲಿಗೆ ಬೇಡ

ಅಲಾರಮ್ಮುಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಬಾಗಿಲಿನದು. ಹಿತ್ತಲ ಬಾಗಿಲು, ಕೊಳದ ಕಡೆಯ ಕಿಟಕಿ ತೆರೆದ ಕೂಡಲೇ ಕೂಗುತ್ತದೆ. ಮಗು ಇನ್ನೂ ನೀರಿನಿಂದ ದೂರ ಇರುವಾಗಲೇ ನಿಮಗೆ ಗೊತ್ತಾಗುತ್ತದೆ. ದೊಡ್ಡವರು ಓಡಾಡುವಾಗ ಸದ್ದು ನಿಲ್ಲಿಸುವ ಗುಂಡಿ ಮಗುವಿಗೆ ಎಟುಕದ ಎತ್ತರದಲ್ಲಿರಬೇಕು. ಮನೆಯ ಗೋಡೆಯೇ ನಾಲ್ಕನೆಯ ಬೇಲಿಯಾಗಿದ್ದು, ಬದಲಾಯಿಸಲು ಸಾಧ್ಯವೇ ಇಲ್ಲದಿದ್ದರೆ, ಕೊಳದ ಕಡೆ ತೆರೆಯುವ ಪ್ರತಿಯೊಂದು ಬಾಗಿಲಿಗೂ ಇದು ಬೇಕು. ಜೊತೆಗೆ ಮೇಲುಗಡೆ ಒಂದು ಚಿಲಕ.

ನೀರಿನೊಳಗಿನ ಅಲಾರಂ ಅಲೆ ಎದ್ದಾಗ ಕೂಗುತ್ತದೆ. ನೀರಿನ ಮೇಲೆ ತೇಲುವುದಕ್ಕಿಂತ ಅಂಚಿಗೆ ಸಿಕ್ಕಿಸಿ ನೀರಿನಡಿಯ ಒತ್ತಡ ಗಮನಿಸುವುದು ವಾಸಿ. ತೇಲುವುದು ಗಾಳಿಗೆಲ್ಲ ಕೂಗುತ್ತದೆ. ಸುಮ್ಸುಮ್ನೆ ಕೂಗುವ ಅಲಾರಮ್ಮನ್ನು ಮನೆಯವರು ಎರಡು ವಾರದಲ್ಲಿ ಆಫ್ ಮಾಡಿಡುತ್ತಾರೆ. ಇನ್ನೊಂದು ಕೊರತೆ: ಕೆಲವು ಅಲಾರಂ ನಿರ್ದಿಷ್ಟ ತೂಕಕ್ಕಿಂತ ಕಡಿಮೆ ಇರುವ ಪ್ರಾಣಿ ಬಿದ್ದರೆ ಎಚ್ಚರಿಸುವುದಿಲ್ಲ. ಚಿಕ್ಕ ನಾಯಿ, ಬೆಕ್ಕಿನ ಮನೆಯವರು ಕೊಳ್ಳುವ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಮಗುವಿನ ಕೈಗೆ ಕಟ್ಟುವ, ನಾಯಿಯ ಕೊರಳಿಗೆ ಹಾಕುವ ಅಲಾರಂ ನೀರು ತಾಗಿದರೆ ಮನೆಯೊಳಗಿನ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ಕಟ್ಟಿದ ಮಗುವಿಗೆ ಮಾತ್ರ ರಕ್ಷಣೆ, ನೋಡಲು ಬಂದ ನೆಂಟರ ಮಗುವಿಗಲ್ಲ. ಕ್ಯಾಮೆರಾ ನೋಡಿ ಗುರುತಿಸುವ ಹೊಸ ಸಾಧನಗಳೂ ಬಂದಿವೆ. ಕರೆಂಟು, ನೆಟ್‌ವರ್ಕು, ಫೋನು ಮೂರೂ ಸರಿ ಇದ್ದರೆ ಅವು ಕೆಲಸ ಮಾಡುತ್ತವೆ. ಹೆಚ್ಚಿನ ಪದರವಾಗಿ ಸರಿ, ಅಷ್ಟೇ.

ನಾಯಿ, ಬೆಕ್ಕಿನ ಮಾತು

ನಾಯಿಗೆ ಈಜು ಹುಟ್ಟಿನಿಂದಲೇ ಬರುತ್ತದೆ, ಅದಕ್ಕೇನೂ ಆಗುವುದಿಲ್ಲ ಎಂದುಕೊಳ್ಳುತ್ತೇವೆ. ಅರ್ಧ ಮಾತ್ರ ನಿಜ. ಬುಲ್‌ಡಾಗ್, ಪಗ್, ಡ್ಯಾಶಂಡ್, ಬ್ಯಾಸೆಟ್ ಹೌಂಡ್‌ಗಳಿಗೆ ಈಜು ತುಂಬ ಕಷ್ಟ. ಕೆಲವಕ್ಕೆ ತಲೆ ಭಾರ, ಮೂತಿ ಗಿಡ್ಡ, ಇನ್ನು ಕೆಲವಕ್ಕೆ ಕಾಲು ಗಿಡ್ಡ. ಚೆನ್ನಾಗಿ ಈಜುವ ನಾಯಿಯೂ ಸಾಯುವುದು ಈಜಲಾರದೆ ಅಲ್ಲ, ಹೊರಗೆ ಬರಲಾರದೆ. ಬಿದ್ದ ಜಾಗದಲ್ಲೇ ಅಂಚು ಹಿಡಿದು ಹತ್ತಲು ನೋಡುತ್ತದೆ. ಗೋಡೆ ನುಣುಪು, ಉಗುರು ನಿಲ್ಲುವುದಿಲ್ಲ. ಮೆಟ್ಟಿಲು ಆ ತುದಿಯಲ್ಲಿದೆ ಎಂದು ಅದಕ್ಕೆ ಹೊಳೆಯುವುದಿಲ್ಲ. ಕೆರೆದು ಕೆರೆದು ಸುಸ್ತಾಗಿ ಮುಳುಗುತ್ತದೆ. ಬೆಕ್ಕಿನದೂ ಇದೇ ಕಥೆ.

ಆದ್ದರಿಂದ ಪ್ರಾಣಿಗಳ ವಿಷಯದಲ್ಲಿ ತಡೆಯುವುದರ ಜೊತೆಗೆ ಹೊರಬರುವ ದಾರಿಯೂ ಬೇಕು. ಇಲ್ಲಿ ಆಯ್ಕೆ ಮೂರು. ಕೊಳಕ್ಕೇ ಕಟ್ಟಿದ ಅಗಲ ಮೆಟ್ಟಿಲು ಅಥವಾ ಇಳಿಜಾರು ಎಲ್ಲಕ್ಕಿಂತ ಉತ್ತಮ, ಹೊಸ ಕೊಳ ಕಟ್ಟಿಸುವವರು ಇದನ್ನು ಮೊದಲೇ ಹಾಕಿಸಿಕೊಳ್ಳಲಿ. ಅಂಚಿಗೆ ಸಿಕ್ಕಿಸುವ ತೇಲುವ ರ‍್ಯಾಂಪು ಚಿಕ್ಕ, ಮಧ್ಯಮ ಗಾತ್ರದ ನಾಯಿಗೆ ಸಾಕು. ದೊಡ್ಡ ನಾಯಿ ಹತ್ತಿದರೆ ಕೆಲವು ಕೆಳಗೆ ಹೋಗುತ್ತವೆ, ಎಷ್ಟು ತೂಕ ತಡೆಯುತ್ತದೆ ಎಂದು ನೋಡಿಕೊಳ್ಳಿ. ನೆಟ್ಟಗೆ ನಿಂತ ಲೋಹದ ಏಣಿ ನಾಯಿಗೆ ಉಪಯೋಗವಿಲ್ಲ. ಯಾವುದನ್ನು ಇಟ್ಟರೂ ಕಲಿಸದಿದ್ದರೆ ಇಟ್ಟೂ ಇಲ್ಲದಂತೆಯೇ. ಪಟ್ಟಿ ಹಿಡಿದು ನೀರಿಗಿಳಿಸಿ, ಕೊಳದ ಬೇರೆ ಬೇರೆ ಬದಿಯಿಂದ ಮೆಟ್ಟಿಲ ಕಡೆಗೆ ತಿರುಗಿಸಿ, ಹತ್ತಿಸಿ, ತಿಂಡಿ ಕೊಡಿ. ನೀವು ಸುಮ್ಮನೆ ನಿಂತಿದ್ದರೂ ಅದೇ ಹುಡುಕಿಕೊಂಡು ಹೋಗುವ ತನಕ ಇದು ನಡೆಯಲಿ. ಮೆಟ್ಟಿಲಿರುವ ಕಡೆ ದಡದಲ್ಲಿ ಎತ್ತರದ ಕುಂಡವೋ ಸಣ್ಣ ಬಾವುಟವೋ ಇಟ್ಟರೆ ನೀರಿನಿಂದ ಅದಕ್ಕೆ ಗುರುತು ಸಿಗುತ್ತದೆ.

ಮುದಿ ನಾಯಿಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಕಣ್ಣು ಮಂದವಾಗಿರುತ್ತದೆ, ಕಾಲಲ್ಲಿ ಶಕ್ತಿ ಇರುವುದಿಲ್ಲ, ಹತ್ತು ವರ್ಷದಿಂದ ನೋಡಿದ ಕೊಳಕ್ಕೇ ರಾತ್ರಿ ಹೊತ್ತು ಬೀಳುತ್ತದೆ. ಫಿಟ್ಸ್ ಬರುವ ನಾಯಿಗೂ ಹೀಗೆಯೇ. ಇವುಗಳಿಗೆ ಎಷ್ಟು ಕಲಿಸಿದರೂ ಸಾಲದು, ಬೇಲಿಯೇ ಬೇಕು. ನೀರಿಗಿಳಿಸುವಾಗ ಬೆನ್ನ ಮೇಲೆ ಹಿಡಿಕೆ ಇರುವ ಲೈಫ್ ಜಾಕೆಟ್ ಹಾಕಿ. ಹಿಡಿಕೆ ಇದ್ದರೆ ಮೇಲೆತ್ತುವುದು ಸಲೀಸು.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದೇ ಇಲ್ಲ. ಬಾಗಿಲಿನ ಕೆಳಗೆ ನಾಯಿಗೆಂದು ಮಾಡಿದ ಕಿಂಡಿ. ದೊಡ್ಡ ನಾಯಿ ಹೋಗುವ ಕಿಂಡಿಯಲ್ಲಿ ಎರಡು ವರ್ಷದ ಮಗು ಅಂಬೆಗಾಲಿಟ್ಟು ಆರಾಮಾಗಿ ಹೋಗುತ್ತದೆ. ನಾಯಿ ಹೋದದ್ದನ್ನು ದಿನಾ ನೋಡಿರುತ್ತದೆ, ಹಿಂದೆಯೇ ಹೋಗುತ್ತದೆ. ಬಾಗಿಲಿಗೆ ಹಾಕಿದ ಚಿಲಕ, ಅಲಾರಂ ಎರಡೂ ಇದರಿಂದ ವ್ಯರ್ಥ. ಹೀಗೆ ಹೊರಹೋಗಿ ಮಕ್ಕಳು ಕೊಳಕ್ಕೆ ಬಿದ್ದು ಸತ್ತ ಪ್ರಸಂಗಗಳಿವೆ. ಕೊರಳಪಟ್ಟಿಯ ಚಿಪ್ ಗುರುತಿಸಿ ತೆರೆಯುವ ಕಿಂಡಿಯೂ ಪೂರ್ತಿ ಪರಿಹಾರವಲ್ಲ, ನಾಯಿ ಹತ್ತಿರ ಇದ್ದಾಗ ಮಗುವಿಗೂ ತೆರೆಯುತ್ತದೆ. ಕಿಂಡಿ ಕೊಳದ ಕಡೆಗಿದ್ದರೆ ಮುಚ್ಚಿಸಿ, ಬೇರೆ ಕಡೆ ಮಾಡಿಸಿ. ಅಥವಾ ಕಿಂಡಿಗೂ ಕೊಳಕ್ಕೂ ನಡುವೆ ನಾಲ್ಕು ಕಡೆಯ ಬೇಲಿ ಬರಲಿ.

ಹಿಡಿ ಕೆಳಗೆ ಒತ್ತಿ ತೆರೆಯುವ ಬಾಗಿಲನ್ನು ಎಷ್ಟೋ ನಾಯಿಗಳು ಮುಂಗಾಲಿನಿಂದ ತೆರೆಯುತ್ತವೆ. ಆ ಬಾಗಿಲಿಂದ ನಾಯಿಯ ಜೊತೆ ಮಗುವೂ ಹೊರಗೆ. ಅಲ್ಲಿ ಗುಂಡು ಹಿಡಿ ಹಾಕಿಸಿ. ಮಗು, ನಾಯಿ ಒಟ್ಟಿಗೆ ನೀರಲ್ಲಿ ಇರುವುದೂ ಒಳ್ಳೆಯದಲ್ಲ. ಸುಸ್ತಾದ ನಾಯಿ ಹತ್ತಿರ ಸಿಕ್ಕಿದ್ದನ್ನು ಹತ್ತಲು ನೋಡುತ್ತದೆ, ಅದು ಮಗುವಿನ ಭುಜವೂ ಆಗಬಹುದು. ನೆಲದೊಳಗೆ ತಂತಿ ಹೂತು ಕೊರಳಪಟ್ಟಿಗೆ ಸಣ್ಣ ಶಾಕ್ ಕೊಡುವ ‘ಕಾಣದ ಬೇಲಿ’ಯನ್ನು ಕೊಳದ ಸುತ್ತ ಹಾಕುವವರಿದ್ದಾರೆ. ಅದು ಮಗುವಿಗೆ ಏನೂ ಮಾಡುವುದಿಲ್ಲ. ಅಳಿಲಿನ ಹಿಂದೆ ಓಡುವ ನಾಯಿಯನ್ನೂ ನಿಲ್ಲಿಸುವುದಿಲ್ಲ.

ಕಾಣದ ಕೆಲವು ಅಪಾಯಗಳು

ಕೊಳದ ತಳದಲ್ಲಿ ನೀರು ಎಳೆದುಕೊಳ್ಳುವ ಬಾಯಿ ಇರುತ್ತದೆ. ಪಂಪ್ ಓಡುವಾಗ ಅದರ ಸೆಳೆತಕ್ಕೆ ಕೂದಲು, ಕೈ, ಬಟ್ಟೆ ಸಿಕ್ಕಿಕೊಂಡರೆ ದೊಡ್ಡವರಿಗೂ ಎಳೆದು ಬಿಡಿಸುವುದು ಕಷ್ಟ. ಅಮೆರಿಕ 2007ರಲ್ಲಿ ಇದಕ್ಕೇ ಒಂದು ಕಾನೂನು ಮಾಡಿತು, ಸಿಕ್ಕಿಕೊಳ್ಳದಂಥ ಮುಚ್ಚಳವನ್ನು ಸಾರ್ವಜನಿಕ ಕೊಳಗಳಿಗೆ ಕಡ್ಡಾಯ ಮಾಡಿತು. ಮನೆಯ ಕೊಳಕ್ಕೂ ಅದೇ ಮುಚ್ಚಳ ಹಾಕಿಸಿ. ಮುಚ್ಚಳ ಒಡೆದಿದ್ದರೆ, ಸ್ಕ್ರೂ ಸಡಿಲವಾಗಿದ್ದರೆ ಆ ದಿನ ಯಾರೂ ನೀರಿಗಿಳಿಯಬಾರದು. ಪಂಪಿನ ಸ್ವಿಚ್ ಎಲ್ಲಿದೆ ಎಂದು ಮನೆಯ ಎಲ್ಲ ದೊಡ್ಡವರಿಗೂ ಗೊತ್ತಿರಲಿ.

ಈಜು ಮುಗಿದ ಮೇಲೆ ಆಟಿಕೆ, ಚೆಂಡು ನೀರಲ್ಲಿ ಬಿಡಬೇಡಿ. ಮಗುವೂ ನಾಯಿಯೂ ಅದನ್ನು ಹಿಡಿಯಲು ಬಗ್ಗುತ್ತವೆ. ಕ್ಲೋರಿನ್ ಬಿಲ್ಲೆ, ಆಸಿಡ್ ಎರಡನ್ನೂ ಬೇರೆ ಬೇರೆ ಇಟ್ಟು ಬೀಗ ಹಾಕಿ. ಎರಡು ಬೆರೆತರೆ ವಿಷದ ಗಾಳಿ ಏಳುತ್ತದೆ.

ನೆಲದ ಮೇಲೆ ನಿಲ್ಲಿಸುವ ಕೊಳದ ಗೋಡೆ 1.2 ಮೀಟರ್ ಎತ್ತರ, ಗಟ್ಟಿ ಇದ್ದರೆ ಅದೇ ಒಂದು ಬೇಲಿ. ಆದರೆ ಏಣಿ ತೆಗೆದಿಟ್ಟಾಗ ಮಾತ್ರ. ಪಕ್ಕದಲ್ಲಿರುವ ಫಿಲ್ಟರ್ ಪೆಟ್ಟಿಗೆ ಹತ್ತಲು ಮಣೆಯಾಗದಂತೆ ನೋಡಿಕೊಳ್ಳಿ. ಗಾಳಿ ತುಂಬಿಸುವ ಮೆತ್ತನೆ ಗೋಡೆಯ ಕೊಳ ಮಗು ಒರಗಿದರೆ ಬಾಗುತ್ತದೆ, ತಲೆ ಕೆಳಗಾಗಿ ಒಳಗೆ ಬೀಳುತ್ತದೆ. ಅದಕ್ಕೂ ಸುತ್ತ ಬೇಲಿ ಬೇಕು. ಮಕ್ಕಳ ಪುಟ್ಟ ತೊಟ್ಟಿಯನ್ನಾದರೆ ಆಟ ಮುಗಿದ ಕೂಡಲೇ ಚೆಲ್ಲಿ ಬೋರಲು ಹಾಕಿ.

ಈಜು ಕಲಿಸಿದರೆ ಸಾಕಲ್ವಾ?

ಕಲಿಸಿ, ಖಂಡಿತ ಕಲಿಸಿ. ಅಮೆರಿಕದ ಮಕ್ಕಳ ವೈದ್ಯರ ಸಂಘ ಒಂದು ವರ್ಷ ತುಂಬಿದ ಮೇಲೆ ಈಜು ತರಗತಿಗೆ ಸೇರಿಸಬಹುದು ಎನ್ನುತ್ತದೆ. 2009ರ ಒಂದು ಅಧ್ಯಯನದಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ಕಲಿತವರಿಗೆ ಮುಳುಗುವ ಅಪಾಯ ಕಡಿಮೆ ಎಂದು ಕಂಡುಬಂತು. ಆದರೆ ಬಟ್ಟೆ ತೊಟ್ಟು, ಬೂಟು ಹಾಕಿ, ಗಾಬರಿಯಲ್ಲಿ ತಣ್ಣೀರಿಗೆ ಬಿದ್ದ ಮೂರು ವರ್ಷದ ಮಗು ತರಗತಿಯಲ್ಲಿ ಈಜಿದಂತೆ ಈಜುತ್ತದೆ ಎಂದು ಹೇಳಲಾಗದು. ಈಜು ಕಲಿತದ್ದು ಬೇಲಿಯ ಜೊತೆಗೆ ಇರಲಿ, ಬೇಲಿಯ ಬದಲು ಬೇಡ. ತೋಳಿಗೆ ಹಾಕುವ ಗಾಳಿ ಬಳೆ, ಸೊಂಟದ ಟ್ಯೂಬು ಬರೀ ಆಟಿಕೆ. ಜಾರುತ್ತವೆ, ಗಾಳಿ ಹೋಗುತ್ತದೆ. ಅವನ್ನು ಹಾಕಿದ ಮಗುವಿಗೆ ತನಗೆ ಈಜು ಬರುತ್ತದೆ ಎಂಬ ಧೈರ್ಯ ಬಂದುಬಿಡುತ್ತದೆ, ಅದು ಇನ್ನೂ ಕೆಟ್ಟದ್ದು.

ನೋಡಿಕೊಳ್ಳುವುದೂ ಹೀಗೆಯೇ. ಹತ್ತು ಜನ ದೊಡ್ಡವರಿದ್ದರೆ ಯಾರೂ ನೋಡುತ್ತಿರುವುದಿಲ್ಲ, ಎಲ್ಲರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಒಬ್ಬರ ಹೆಸರು ಹೇಳಿ ಒಪ್ಪಿಸಿ: ಅಕ್ಕಾ, ಈ ಕಾಲು ಗಂಟೆ ನೀವು ನೋಡಿ, ಆಮೇಲೆ ನಾನು. ಆ ಹೊತ್ತಿನಲ್ಲಿ ಕೈಯಲ್ಲಿ ಫೋನಿಲ್ಲ, ಪುಸ್ತಕವಿಲ್ಲ. ಈಜು ಬಾರದ ಮಗು ಕೈಗೆಟುಕುವಷ್ಟು ಹತ್ತಿರದಲ್ಲೇ ಇರಬೇಕು.

ನಿಮ್ಮ ಮನೆಗೆ ಯಾವುದು?

5 ವರ್ಷದೊಳಗಿನ ಮಗು ಇದ್ದು ಜಾಗವೂ ಇದ್ದರೆ ನಾಲ್ಕು ಕಡೆ ಕಂಬಿ ಅಥವಾ ಗಾಜಿನ ಬೇಲಿ, ಜೊತೆಗೆ ಬಾಗಿಲಿನ ಅಲಾರಂ. ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ. ನಾಯಿ ಇದ್ದರೆ ಇದಕ್ಕೇ ಕೆಳಗಿನ ಜಾಲರಿ, ರ‍್ಯಾಂಪು ಸೇರಿಸಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪಡೆದು ಮೆಶ್ ಬೇಲಿ. ಕೊಳ ಮನೆಗೆ ಅಂಟಿಕೊಂಡೇ ಇದ್ದು ನಾಲ್ಕನೆಯ ಬೇಲಿಗೆ ಜಾಗವೇ ಇಲ್ಲದಿದ್ದರೆ ಮೋಟರ್ ಸೇಫ್ಟಿ ಕವರ್, ಪ್ರತಿ ಬಾಗಿಲಿಗೂ ಅಲಾರಂ ಮತ್ತು ಮೇಲುಚಿಲಕ. ಮಕ್ಕಳಿಲ್ಲ, ನಾಯಿ ಮಾತ್ರ ಇದೆ ಎನ್ನುವವರು ಮೆಟ್ಟಿಲು, ರ‍್ಯಾಂಪು, ಕಲಿಸುವುದರಿಂದ ಶುರು ಮಾಡಬಹುದು. ಆದರೆ ಮನೆಗೆ ಬರುವ ಮಕ್ಕಳನ್ನು ಲೆಕ್ಕದಿಂದ ಬಿಡಬೇಡಿ. ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಲುವುದಾದರೆ ಅದು ಬೇಲಿ ಮತ್ತು ಒಳ್ಳೆಯ ಗೇಟಿಗೇ ಹೋಗಲಿ. ಬೇಲಿ ಬರುವ ತನಕ ಹಿತ್ತಲ ಬಾಗಿಲಿಗೆ ಇವತ್ತೇ ಎತ್ತರದಲ್ಲಿ ಒಂದು ಚಿಲಕ ಹಾಕಿ. ನಿಮ್ಮ ಊರಿನ ಕಟ್ಟಡ ನಿಯಮದಲ್ಲಿ ಇದಕ್ಕಿಂತ ಕಟ್ಟುನಿಟ್ಟಾದ ಅಳತೆ ಇದ್ದರೆ ಅದನ್ನೇ ಪಾಲಿಸಿ.

ಮಗು ಕಾಣುತ್ತಿಲ್ಲ ಎಂದರೆ ಮೊದಲು ಓಡಬೇಕಾದದ್ದು ಕೊಳಕ್ಕೆ. ಮಂಚದ ಕೆಳಗೆ, ಪಕ್ಕದ ಮನೆಯಲ್ಲಿ ಆಮೇಲೆ ಹುಡುಕಬಹುದು. ನೀರಿನಿಂದ ಎತ್ತಿದ ಮಗು ಉಸಿರಾಡುತ್ತಿಲ್ಲ ಎಂದಾದರೆ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಬಾಯಿಯಿಂದ ಉಸಿರು ಕೊಡುವುದರಿಂದ ಶುರು ಮಾಡಿ, ಆಮೇಲೆ ಎದೆ ಒತ್ತುವುದು. ಒಬ್ಬರೇ ಇದ್ದರೆ 30 ಒತ್ತು, 2 ಉಸಿರು, ಹೀಗೆ ಬಿಡದೆ. ತುರ್ತು ಸಹಾಯಕ್ಕೆ ಫೋನ್ ಮಾಡಿ ಸ್ಪೀಕರಿನಲ್ಲಿ ಪಕ್ಕಕ್ಕಿಡಿ. ಎಚ್ಚರವಾದ ಮಗುವನ್ನೂ ಆಸ್ಪತ್ರೆಗೆ ತೋರಿಸಲೇಬೇಕು, ಉಸಿರಾಟದ ತೊಂದರೆ ಗಂಟೆಗಳ ಮೇಲೂ ಹೆಚ್ಚಬಹುದು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಬೊಂಬೆಯ ಮೇಲೆ ಕೈಯಾರೆ ಅಭ್ಯಾಸ ಮಾಡಿಸುವ ಸಿಪಿಆರ್ ತರಗತಿಗೆ ಮನೆಯ ದೊಡ್ಡವರೆಲ್ಲ ಹೋಗಿ ಬನ್ನಿ. ಮಗುವನ್ನು ನೋಡಿಕೊಳ್ಳಲು ಬರುವ ಅಜ್ಜ, ಅಜ್ಜಿ, ಆಯಾ ಅವರನ್ನೂ ಕರೆದುಕೊಂಡು ಹೋಗಿ.